ಮದುವೆ ಅಡುಗೆ ಮಾಡುವವನಿಗೆ ಶುಗರ್ ಬಂದರೆ ಪಥ್ಯ ಹೇಗೆ?

ಸೌಟು ಹಿಡಿದವ (ಸಾಗರ)

ಎಲ್ಲರಿಗೂ ನಮಸ್ಕಾರ. ವಯಸ್ಸು 47. ಮದುವೆ, ಉಪನಯನ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡೋದು ನನ್ನ ಕಸುಬು. ಅಪ್ಪನದ್ದೂ ಇದೇ ಕೆಲಸ, ಅವರಿಗೂ ಕೊನೆಗಾಲದಲ್ಲಿ ಶುಗರ್ ಇತ್ತು. ಈಗ ನನ್ನ ಸರದಿ ಬಂದಿದೆ. ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಎಚ್‌ಬಿಎ1ಸಿ 8.4, ಖಾಲಿ ಹೊಟ್ಟೆಯದ್ದು 162, ಬಿಪಿ 146/92. ಐದೂವರೆ ಅಡಿ ಎತ್ತರ, 78 ಕೆಜಿ ತೂಕ, ಪಂಚೆ ಕಟ್ಟೋ ಜಾಗದಲ್ಲಿ 38 ಇಂಚು. ಗ್ಲಿಮಿಪಿರೈಡ್ 1, ಮೆಟ್‌ಫಾರ್ಮಿನ್ 500 ಎರಡೂ ಸೇರಿದ ಮಾತ್ರೆ ಕೊಟ್ಟಿದ್ದಾರೆ, ಬೆಳಗ್ಗೆ ಒಂದು ರಾತ್ರಿ ಒಂದು, ಊಟಕ್ಕೆ ಮುಂಚೆ.

ಜೊತೆಗೆ ಒಂದು ಚಾರ್ಟೂ ಕೈಗೆ ಬಂತು. ಬೆಳಗ್ಗೆ 8ಕ್ಕೆ ಎರಡು ಚಪಾತಿ, 11ಕ್ಕೆ ಒಂದು ಸೇಬು, 1ಕ್ಕೆ ಊಟ, ಸಂಜೆ ವಾಕಿಂಗ್. ಆ ಚಾರ್ಟ್ ಬರೆದವರು ಯಾವತ್ತಾದರೂ ಬೆಳಗ್ಗೆ 8 ಗಂಟೆಗೆ ಮುನ್ನೂರು ಜನರ ಉಪ್ಪಿಟ್ಟು ಇಳಿಸಿದ್ದರೆ ಹಾಗೆ ಬರೀತಿರಲಿಲ್ಲ.

ನನ್ನ ದಿನ ಹೇಗಿರುತ್ತೆ ಅಂತ ಹೇಳ್ತೇನೆ. ಕಾರ್ಯಕ್ರಮದ ದಿನ 3 ಗಂಟೆಗೆ ಏಳೋದು. ಒಲೆ ಹಚ್ಚಿ ಒಂದು ಲೋಟ ಕಷಾಯ, ಹಾಲು ಬೆಲ್ಲ ಹಾಕಿದ್ದು. ಮಾತ್ರೆ ನುಂಗೋದು 7ಕ್ಕೆ. ತಿಂಡಿ ಹೊತ್ತಲ್ಲಿ ನಾನು ಕೂತು ತಿನ್ನೋದಿಲ್ಲ, ಉಪ್ಪು ಹುಳಿ ನೋಡೋಕೆ ಅಂಗೈಗೆ ಹಾಕ್ಕೊಂಡಿದ್ದೇ ತಿಂಡಿ. ನಡುನಡುವೆ ಕಾಫಿ, ಯಾರಾದರೂ ಕೊಡ್ತಾನೇ ಇರ್ತಾರೆ. ಮೊದಲ ಪಂಕ್ತಿ 12:30ಕ್ಕೆ, ಮೂರನೇದು ಏಳೋ ಹೊತ್ತಿಗೆ ಮೂರು ದಾಟಿರುತ್ತೆ. ಆಮೇಲೆ ನಾವು ಅಡುಗೆಯವರು ಕೂರೋದು. ಆಗ ಹಸಿವು ಅಂದ್ರೆ ಹಸಿವು. ಅನ್ನ ತಂಬುಳಿ, ಅನ್ನ ಸಾರು, ಅನ್ನ ಹುಳಿ, ತುಪ್ಪ ಹಾಕಿ ಎರಡು ಹೋಳಿಗೆ, ಕೊನೆಗೆ ಅಪ್ಪೆಹುಳಿ ಎರಡು ಲೋಟ, ಮಜ್ಜಿಗೆ ಅನ್ನ. ಅಲ್ಲೇ ಚಾಪೆ ಮೇಲೆ ಉರುಳಿದ್ರೆ ಎದ್ದೇಳೋದು ಪಾತ್ರೆ ಲಾರಿಗೆ ಹಾಕೋ ಹೊತ್ತಿಗೆ.

ಈಚೆಗೆ 11 ಗಂಟೆ ಸುಮಾರಿಗೆ ಕೈ ನಡುಗುತ್ತೆ, ಬೆವರು ಹರಿಯುತ್ತೆ, ಹುಡುಗರ ಮೇಲೆ ಸುಮ್ಮಸುಮ್ಮನೆ ರೇಗ್ತೇನೆ. ಒಲೆ ಕಾವು ಅಂದ್ಕೊಂಡಿದ್ದೇನೆ.

ಕೇಳಬೇಕಾದದ್ದು ಇಷ್ಟು. ಹದಿನಾಲ್ಕು ಗಂಟೆ ನಿಂತೇ ಇರ್ತೇನೆ, ಫೋನು ಹನ್ನೊಂದು ಸಾವಿರ ಹೆಜ್ಜೆ ತೋರಿಸುತ್ತೆ, ಮತ್ತೆ ವಾಕಿಂಗ್ ಯಾಕೆ? ರುಚಿ ನೋಡದೆ ಅಡುಗೆ ಮಾಡೋದು ಹೇಗೆ? ಅನ್ನ ಬಿಟ್ಟು ರಾಗಿ ಹಿಡೀರಿ ಅಂತಾರೆ, ಮೂರು ಹೊತ್ತೂ ಅಕ್ಕಿ ತಿಂದ ಮಲೆನಾಡ ಹೊಟ್ಟೆ ಇದು, ನಿಜಕ್ಕೂ ಬೇಕಾ? ಪಥ್ಯ ಸರಿ ಮಾಡಿದ್ರೆ ಮಾತ್ರೆ ಬಿಡಬಹುದಾ? ತಮ್ಮನಿಗೆ 36, ನನ್ನ ಹಾಗಲ್ಲ, ತೆಳ್ಳಗಿದ್ದಾನೆ. ಅವನ ಎಚ್‌ಬಿಎ1ಸಿಯೂ 6.1 ಬಂದಿದೆ. ತೆಳ್ಳಗಿರೋನಿಗೆ ಹೇಗೆ ಬಂತು?

—

ಹಿತ್ತಲಗಿಡ

ಅಣ್ಣಾ, ಇಂಗ್ಲಿಷ್ ಮಾತ್ರೆ ಒಮ್ಮೆ ಹಿಡಿದ್ರೆ ಅದು ನಮ್ಮನ್ನ ಬಿಡಲ್ಲ. ಮಾತ್ರೆ ನಿಲ್ಸಿ. ಬೆಳಗ್ಗೆ ಖಾಲಿ ಹೊಟ್ಟೆಗೆ ಹಾಗಲಕಾಯಿ ರಸ, ಮಧ್ಯಾಹ್ನ ಮುದ್ದೆ, ಸಕ್ಕರೆ ಬದಲು ಜೋನಿ ಬೆಲ್ಲ. ನಮ್ಮ ಮಾವನಿಗೆ ಒಂದೇ ತಿಂಗಳಲ್ಲಿ ನಾರ್ಮಲ್. ಟ್ರೈ ಮಾಡಿ, ಕಳ್ಕೊಳ್ಳೋದೇನಿದೆ?

—

ಬಿಪಿ-ಶುಗರ್ ಕೋಣೆ

ನಾನು ತಾಲ್ಲೂಕು ಆಸ್ಪತ್ರೆಯೊಂದರ ಎನ್‌ಸಿಡಿ ಕ್ಲಿನಿಕ್ಕಲ್ಲಿ, ಅಂದ್ರೆ ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳ ವಿಭಾಗದಲ್ಲಿ ಸ್ಟಾಫ್ ನರ್ಸ್. ಕಳ್ಕೊಳ್ಳೋದೇನಿದೆ ಅಂತ ಕೇಳಿದ್ದಕ್ಕೆ ಆಮೇಲೆ ಬರ್ತೇನೆ. ಸೌಟು ಅಣ್ಣ, ನಿಮ್ಮ ಅನ್ನ, ಹೋಳಿಗೆ ಎಲ್ಲ ಪಕ್ಕಕ್ಕಿಡಿ. ನಿಮ್ಮ ಮಾತ್ರೆಯ ಹೆಸರು, ನುಂಗೋ ಹೊತ್ತು ಓದಿ ನನಗೆ ಗಾಬರಿ ಆಯ್ತು.

ಮೆಟ್‌ಫಾರ್ಮಿನ್ ಒಂದನ್ನೇ ತಗೊಂಡ್ರೆ ಶುಗರ್ ತೀರಾ ಕೆಳಗೆ ಬೀಳೋದು ಅಪರೂಪ. ಗ್ಲಿಮಿಪಿರೈಡ್ ಹಾಗಲ್ಲ. ನೀವು ತಿಂದ್ರೂ ತಿನ್ನದಿದ್ರೂ ಅದು ಮೇದೋಜೀರಕಕ್ಕೆ ಇನ್ಸುಲಿನ್ ಸುರಿಸು ಅಂತ ಹೇಳ್ತಾನೇ ಇರುತ್ತೆ. 7ಕ್ಕೆ ಮಾತ್ರೆ, ಊಟ 3ರ ಮೇಲೆ, ನಡುವೆ ಅಂಗೈಯ ಉಪ್ಪಿಟ್ಟು. 11 ಗಂಟೆಗೆ ಕೈನಡುಕ, ಬೆವರು, ಕಾರಣವಿಲ್ಲದ ಸಿಟ್ಟು. ಇದನ್ನ ಬೇರೆ ಯಾರು ಹೇಳಿದ್ರೂ ಶುಗರ್ ಇಳಿದಿದೆ ಅಂತ ಮನೆಯವರೇ ಗುರುತಿಸ್ತಿದ್ರು. ಕೊಪ್ಪರಿಗೆ ಮುಂದೆ ನಿಂತವನ ಬೆವರನ್ನ ಯಾರು ಅನುಮಾನಿಸ್ತಾರೆ? ಅದೇ ಅಪಾಯ. ಕುದಿಯೋ ಸಾರಿನ ಪಕ್ಕ ತಲೆ ಸುತ್ತಿ ಬೀಳೋದು ಬೇಡ.

ಒಂದು ಗ್ಲೂಕೋಮೀಟರ್ ಮಸಾಲೆ ಡಬ್ಬಿಗಳ ಜೊತೆಗೇ ಇರಲಿ. ಕೈ ತೊಳೆದು ಒರೆಸಿಕೊಂಡೇ ಚುಚ್ಚಿ. ನಿಮ್ಮ ಬೆರಳಲ್ಲಿ ಬೆಲ್ಲದ ಪಾಕ ಅಂಟಿದ್ರೆ ಮೆಷಿನ್ನು 300 ಅಂತ ಸುಳ್ಳು ಹೇಳುತ್ತೆ. 70ಕ್ಕಿಂತ ಕಡಿಮೆ ಬಂದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡೀರಿ, 15 ನಿಮಿಷ ಕೂತು ಮತ್ತೆ ನೋಡಿ, ಇನ್ನೂ ಏರದಿದ್ರೆ ಇನ್ನೊಮ್ಮೆ. ಏರಿದ ಮೇಲೆ ಏನಾದ್ರೂ ಹೊಟ್ಟೆಗೆ ಹಾಕ್ಕೊಳ್ಳಿ. ಹೇಗೂ ಸಿಹಿ ತಾನೇ ಅಂತ ಹೋಳಿಗೆ ಬಾಯಿಗಿಡಬೇಡಿ, ತುಪ್ಪ ಬೇಳೆ ಇರೋದರಿಂದ ಅದರ ಸಕ್ಕರೆ ರಕ್ತಕ್ಕೆ ಸೇರೋದು ತಡ. ಮೀಟರ್ ಕೈಗೆಟುಕದಿದ್ರೆ ಹುಡುಕ್ತಾ ಕೂರಬೇಡಿ, ಮೊದಲು ಸಕ್ಕರೆ ನೀರು. ಹುಡುಗರಲ್ಲಿ ಒಬ್ಬನಿಗಾದ್ರೂ ಇದು ಗೊತ್ತಿರಲಿ.

ಈ ವಾರವೇ ಡಾಕ್ಟರ ಹತ್ರ ಹೋಗಿ ನಿಮ್ಮ ಕೆಲಸದ ವೇಳೆ ಹೀಗ್ಹೀಗೆ ಅಂತ ಬಿಡಿಸಿ ಹೇಳಿ. ಎಷ್ಟೋ ಜನ ಊಟದ ಹೊತ್ತು ಹೇಳೋದೇ ಇಲ್ಲ, ಕೇಳೋಕೆ ನಮಗೂ ಪುರುಸೊತ್ತು ಇರಲ್ಲ, ಹೊರಗೆ ಅರವತ್ತು ಜನ ಕಾಯ್ತಿರ್ತಾರೆ. ಹೇಳಿದ್ರೆ ಮಾತ್ರೆ ಬದಲಾಯಿಸೋದಕ್ಕೆ, ಹೊತ್ತು ಬದಲಾಯಿಸೋದಕ್ಕೆ ಬೇಕಾದಷ್ಟು ದಾರಿ ಇದೆ.

ಈಗ ಊಟ. ನಿಮ್ಮ ಎಲೆ ತುದಿಯಲ್ಲೇ ಅರ್ಧ ಉತ್ತರ ಇದೆ. ಕೋಸಂಬರಿ, ಪಲ್ಯ ಮೊದಲು ಬಡಿಸ್ತೀರಿ, ಅನ್ನ ಆಮೇಲೆ. ಆದ್ರೆ ನಾವು ತಿನ್ನೋದು ಅನ್ನದ ಜೊತೆ ನಂಚ್ಕೊಂಡು. 2015ರಲ್ಲಿ ನ್ಯೂಯಾರ್ಕಿನ ವೈದ್ಯರು ಶುಗರ್ ಇದ್ದವರಿಗೆ ಒಂದೇ ಊಟವನ್ನ ಎರಡು ಬೇರೆ ದಿನ ಹಿಂದೆಮುಂದೆ ಮಾಡಿ ಕೊಟ್ಟು ನೋಡಿದ್ರು. ತರಕಾರಿ, ಪ್ರೊಟೀನು ಮೊದಲು ತಿಂದು ಕೊನೆಗೆ ಪಿಷ್ಟ ತಿಂದ ದಿನ, ಊಟದ ನಂತರದ ಏರಿಕೆ ಎದ್ದು ಕಾಣುವಷ್ಟು ಕಡಿಮೆ. ಹಾಗಾಗಿ ಹೆಸರುಬೇಳೆ ಕೋಸಂಬರಿ ಒಂದು ಬಟ್ಟಲು, ಪಲ್ಯ ಒಂದು ಬಟ್ಟಲು ಪೂರ್ತಿ ಮುಗಿಸಿ. ಆಮೇಲೆ ಅನ್ನ ಕಲಸಿ. ಹುಳಿಯಲ್ಲಿ ಹೋಳು ಜಾಸ್ತಿ ಹಾಕಿಸಿಕೊಳ್ಳಿ. ಎಲೆಯಲ್ಲಿ ಅನ್ನ ಒಂದು ಸಲ ಮಾತ್ರ. ತಂಬುಳಿಗೊಂದು, ಸಾರಿಗೊಂದು, ಹುಳಿಗೊಂದು, ಮಜ್ಜಿಗೆಗೊಂದು ಅಂತ ನಾಲ್ಕು ಸಲ ಬಡಿಸಿಕೊಂಡ್ರೆ ಯಾವ ಮಾತ್ರೆ ತಾನೇ ಏನು ಮಾಡೀತು. ತಂಬುಳಿ ಕುಡಿಯೋಕೂ ಬರುತ್ತಲ್ಲ. ಅಪ್ಪೆಹುಳಿಗೆ ನೀವು ಬೆಲ್ಲ ಎಷ್ಟು ಹಾಕ್ತೀರಿ ಅಂತ ನಿಮಗೇ ಗೊತ್ತು, ಅದರಲ್ಲಿ ಉಪ್ಪೂ ಕಮ್ಮಿ ಇರಲ್ಲ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪಿನೊಳಗೆ ಇರಿ ಅನ್ನುತ್ತೆ, ಅಂದ್ರೆ ಒಂದು ಸಣ್ಣ ಚಮಚ. ನಿಮ್ಮ ಬಿಪಿಗೆ ಉಪ್ಪಿನಕಾಯಿ ಹಪ್ಪಳಕ್ಕಿಂತ ಈ ಲೋಟಗಳ ಮೇಲೇ ನನಗೆ ಅನುಮಾನ.

ಕಾಫಿ: ಲೋಟಕ್ಕೆ ಎರಡು ಚಮಚದ ಲೆಕ್ಕದಲ್ಲಿ ಆರು ಲೋಟಕ್ಕೆ ಹನ್ನೆರಡು ಚಮಚ, ಸುಮಾರು 50 ಗ್ರಾಂ ಸಕ್ಕರೆ. ಹೋಳಿಗೆ ತಿಂದೆ ಅಂತ ಬೇಜಾರು ಮಾಡ್ಕೋತೀರಿ, ಇದು ಲೆಕ್ಕಕ್ಕೇ ಬರಲ್ಲ. ಬೆಲ್ಲ, ಜೋನಿ ಬೆಲ್ಲಕ್ಕೆ ಯಾವ ರಿಯಾಯಿತಿಯೂ ಇಲ್ಲ, ರಕ್ತಕ್ಕೆ ಅದೂ ಸಕ್ಕರೆಯೇ.

ಮಾತ್ರೆ ಬಿಡೋದು. ಬ್ರಿಟನ್ನಿನಲ್ಲಿ ಡೈರೆಕ್ಟ್ ಅಂತ ಒಂದು ಪ್ರಯೋಗ ಆಯ್ತು, ಫಲಿತಾಂಶ ಬಂದಿದ್ದು 2017ರ ಕೊನೆಗೆ. ಶುಗರ್ ಬಂದು ಆರು ವರ್ಷ ದಾಟದವರನ್ನ ಆರಿಸಿ, ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ ಮಾತ್ರ ಕೊಟ್ಟು, ಆಮೇಲೆ ನಿಧಾನಕ್ಕೆ ಊಟಕ್ಕೆ ತಂದ್ರು. ಒಂದು ವರ್ಷಕ್ಕೆ ಅವರಲ್ಲಿ 46% ಜನ ಮಾತ್ರೆ ಇಲ್ಲದೆ ಡಯಾಬಿಟಿಸ್ ಮಟ್ಟಕ್ಕಿಂತ ಕೆಳಗಿದ್ರು. 15 ಕೆಜಿ ಅಥವಾ ಹೆಚ್ಚು ಇಳಿಸಿದವರಲ್ಲಿ 86%. ಎರಡನೇ ವರ್ಷಕ್ಕೆ ಆ 46 ಇಳಿದು 36 ಆಯ್ತು, ಯಾಕಂದ್ರೆ ತೂಕ ವಾಪಸ್ ಬಂದವರಿಗೆ ಶುಗರೂ ವಾಪಸ್. ಅಂದ್ರೆ ನಿಮಗೆ ದಾರಿ ಮುಚ್ಚಿಲ್ಲ, ಹೊಸದಾಗಿ ಬಂದಿದೆ, ಇಳಿಸೋಕೆ ತೂಕವೂ ಇದೆ. ಆದ್ರೆ ಅದೆಲ್ಲ ವೈದ್ಯರ ಕಣ್ಣೆದುರು ನಡೆದದ್ದು. ಗ್ಲಿಮಿಪಿರೈಡ್ ನುಂಗ್ತಾ ನೀವಾಗಿಯೇ ಉಪವಾಸ ಕೂತ್ರೆ ಆಗೋದು ಅದೇ 11 ಗಂಟೆಯ ನಡುಕ. ಮೊದಲು ಐದಾರು ಕೆಜಿ ನೋಡೋಣ.

ಹಿತ್ತಲಗಿಡ ಅವರೇ, ಕಳ್ಕೊಳ್ಳೋದೇನು ಅಂದ್ರಿ. ಮಾತ್ರೆ ತಾವಾಗಿ ನಿಲ್ಲಿಸಿ, ಏನೂ ನೋವಿಲ್ಲ ಅಂತ ಸುಮ್ಮನಿದ್ದು, ಕಾಲುಬೆರಳು ಕಪ್ಪಾದ ಮೇಲೆ ನಮ್ಮ ಕೋಣೆಗೆ ಬಂದವರನ್ನ ಕೂರಿಸಿ ಡ್ರೆಸ್ಸಿಂಗ್ ಮಾಡೋಳು ನಾನು. ಹಾಗಲಕಾಯಿ ಪಲ್ಯ ತಿನ್ನಿ, ಒಳ್ಳೇ ತರಕಾರಿ. ಮಾತ್ರೆಯ ಜಾಗಕ್ಕೆ ಅದು ಸಾಲದು.

—

ನಿವೃತ್ತ ಪಿ.ಟಿ. ಮೇಷ್ಟ್ರು (ಹಾಸನ)

ಸಿಸ್ಟರ್ ಹೇಳಿದ್ದಕ್ಕೆ ಎರಡು ಮಾತಿಲ್ಲ. ವ್ಯಾಯಾಮದ ವಿಷಯ ನನಗೆ ಬಿಡಿ. ಮೂವತ್ತು ವರ್ಷ ಹೈಸ್ಕೂಲ್ ಮೈದಾನದಲ್ಲಿ ಸೀಟಿ ಊದಿದವನು, ಓಡಿದ್ದೆಲ್ಲ ಹುಡುಗರು, ಶುಗರ್ ಬಂದಿದ್ದು ನನಗೆ. ಬಂದು ಬಹಳ ಕಾಲ ಆಯ್ತು, ಈಗ 6.8ರ ಆಸುಪಾಸಿನಲ್ಲಿದ್ದೇನೆ, ಮಾತ್ರೆ ಸಮೇತ.

ಮೊದಲು ಮುದ್ದೆ. ಈ ವಿಷಯದಲ್ಲಿ ಮಲೆನಾಡಿನವರಿಗಿಂತ ನಮಗೆ ಅಧಿಕಾರ ಜಾಸ್ತಿ. 100 ಗ್ರಾಂ ರಾಗಿಯಲ್ಲಿ ಪಿಷ್ಟ 67 ಗ್ರಾಂ ಹತ್ರ, ಬಿಳಿ ಅಕ್ಕಿಯಲ್ಲಿ 78. ನಾರು ರಾಗಿಯಲ್ಲಿ 11, ಅಕ್ಕಿಯಲ್ಲಿ 3ಕ್ಕೂ ಕಡಿಮೆ. ಕ್ಯಾಲ್ಸಿಯಂ 364 ಮಿಲಿಗ್ರಾಂ, ಅದರಲ್ಲಿ ಅಕ್ಕಿ ಲೆಕ್ಕಕ್ಕೇ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹಾಕಿದ ಪಟ್ಟಿ ಇದು. ಒಳ್ಳೆಯದೇ, ಒಪ್ಪೋಣ. ಆದ್ರೆ 67 ಅಂದ್ರೆ ಸೊನ್ನೆ ಅಲ್ಲ. ರಾಗಿ ಅಂತ ಧೈರ್ಯವಾಗಿ ಮೂರು ಮುದ್ದೆ ಇಳಿಸಿ ಶುಗರ್ ಏರಿತು ಅನ್ನೋ ನೆಂಟರು ನನ್ನ ಮನೆ ತುಂಬ ಇದ್ದಾರೆ. ಅದರಲ್ಲೂ ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿ, ಮಾಲ್ಟು, ಇವೆಲ್ಲ ಬೇಗ ಅರಗಿ ಬೇಗ ಏರಿಸ್ತವೆ. ಇನ್ನೊಂದು, ಮುದ್ದೆಯ ಪುಣ್ಯದಲ್ಲಿ ಅರ್ಧ ಪಾಲು ಅದರ ಸಾರಿಗೆ ಸೇರಬೇಕು. ಬಸ್ಸಾರು, ಹುರುಳಿಕಾಳು, ಅವರೆಕಾಳು, ಸೊಪ್ಪು. ನೀವು ಕುಚ್ಚಲಕ್ಕಿ ಅನ್ನ ಒಂದೇ ಬಟ್ಟಲು ತಿಂದು ಪಕ್ಕಕ್ಕೆ ಹುರುಳಿ ಸಾರು, ಬಸಳೆ ಹುಳಿ ದಂಡಿಯಾಗಿ ಹಾಕ್ಕೊಂಡ್ರೆ ನಮ್ಮ ಮುದ್ದೆಗೆ ಶರಣಾಗೋ ಅಗತ್ಯ ಇಲ್ಲ. ಇದನ್ನ ಹಾಸನದಲ್ಲಿ ಜೋರಾಗಿ ಹೇಳೋ ಹಾಗಿಲ್ಲ.

ಈಗ ನಿಮ್ಮ ಹನ್ನೊಂದು ಸಾವಿರ ಹೆಜ್ಜೆ. ಒಲೆಯಿಂದ ಉಗ್ರಾಣಕ್ಕೆ, ಉಗ್ರಾಣದಿಂದ ಒಲೆಗೆ, ಹತ್ತು ಹೆಜ್ಜೆ ಹಾಕಿ ನಿಲ್ಲೋದು. ಕೂತೇ ಇರೋ ಗುಮಾಸ್ತನಿಗಿಂತ ಮೇಲು, ಅದರಲ್ಲಿ ಸಂಶಯ ಇಲ್ಲ. ಆದ್ರೆ ಉಸಿರು ಏರುತ್ತಾ? ನಾನು ಮಕ್ಕಳಿಗೆ ಹೇಳ್ತಿದ್ದೆ: ನಡೀತಾ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಆ ವೇಗದಲ್ಲಿ ವಾರಕ್ಕೆ 150 ನಿಮಿಷ, ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ದಣಿಸೋ ಕೆಲಸ. ದುಡಿಮೆಯಲ್ಲಿ ಮೈ ದಣಿದದ್ದು ಹೃದಯಕ್ಕೆ ಅಷ್ಟಾಗಿ ಒದಗಲ್ಲ ಅಂತ ಡೆನ್ಮಾರ್ಕಿನ ಸಂಶೋಧಕರು ವರ್ಷಗಟ್ಟಲೆ ಬರೀತಾ ಬಂದಿದ್ದಾರೆ. ಕಾರಣ ಊಹಿಸಬಹುದು. ಗಂಟೆಗಟ್ಟಲೆ ಒಂದೇ ಭಂಗಿ, ಭಾರ ಎತ್ತೋದು, ವಿಶ್ರಾಂತಿ ಇಲ್ಲ, ನಿದ್ದೆ ಇಲ್ಲ. ನಿಮ್ಮ 3 ಗಂಟೆ ಏಳೋದೂ ಅದೇ ಪಟ್ಟಿಗೆ ಸೇರಿದ್ದು.

ಸ್ನಾಯು ಯಾಕೆ ಅಂದ್ರೆ, ಊಟ ಆದ ಮೇಲೆ ರಕ್ತದ ಸಕ್ಕರೆಯಲ್ಲಿ ದೊಡ್ಡ ಪಾಲು ಹೋಗಬೇಕಾದ್ದು ಅಲ್ಲಿಗೇ. ಕಲ್ಯಾಣ ಮಂಟಪದ ಮುಂಬಾಗಿಲಲ್ಲಿ ಆಮಂತ್ರಣ ತೋರಿಸಿ ಒಳಗೆ ಬಿಡೋ ಹಾಗೆ ಇನ್ಸುಲಿನ್ ಸಕ್ಕರೆಯನ್ನ ಒಳಗೆ ಬಿಡುತ್ತೆ. ಶುಗರ್ ಬಂದವರಲ್ಲಿ ಮುಂಬಾಗಿಲು ತುಕ್ಕು ಹಿಡಿದಿದೆ. ಆದ್ರೆ ಸ್ನಾಯು ಕೆಲಸ ಮಾಡ್ತಿದ್ರೆ ನಿಮ್ಮ ಅಡುಗೆ ಹುಡುಗರು ಬರೋ ಹಿಂಬಾಗಿಲೂ ತೆಗೆಯುತ್ತೆ, ಅದಕ್ಕೆ ಇನ್ಸುಲಿನ್ನಿನ ಹಂಗಿಲ್ಲ. ಹಾಗಾಗಿ ನಡೆಯೋ ಹೊತ್ತು ಮುಖ್ಯ. 2013ರಲ್ಲಿ ಅಮೆರಿಕದಲ್ಲಿ ಅರವತ್ತು ದಾಟಿದವರ ಮೇಲೆ ಒಂದು ಸಣ್ಣ ಅಧ್ಯಯನ ಆಗಿದೆ. ಮೂರು ಊಟದ ನಂತರ 15 ನಿಮಿಷದಂತೆ ನಡೆದದ್ದು, ಬೆಳಗ್ಗೆ ಒಂದೇ ಸಲ 45 ನಿಮಿಷ ನಡೆದಷ್ಟೇ ಕೆಲಸ ಮಾಡಿತು, ರಾತ್ರಿ ಊಟದ ನಂತರದ ಏರಿಕೆಗೆ ಅದಕ್ಕಿಂತ ಚೆನ್ನಾಗೇ ಮಾಡಿತು.

ನಿಮಗೆ ನನ್ನ ಸಲಹೆ ಹೀಗೆ. ನೀವು ಮೊದಲೇ ಉಂಡುಬಿಡಿ. ಉಂಡು ಚಾಪೆ ಹುಡುಕಬೇಡಿ, ಮೂರನೇ ಪಂಕ್ತಿಗೆ ಸಾರಿನ ಬಕೆಟ್ ನೀವೇ ಹಿಡೀರಿ. ಎಡಗೈಲೊಂದು ಬಲಗೈಲೊಂದು ಬದಲಾಯಿಸ್ತಾ, ಬಗ್ಗಿ ಎದ್ದು ಬಗ್ಗಿ ಎದ್ದು, ಎರಡು ಸಾಲು ಓಡಾಡಿ ಬನ್ನಿ. ಉಸಿರು ಏರದಿದ್ರೆ ನನ್ನ ಸೀಟಿ ನಿಮಗೆ ಕೊಡ್ತೇನೆ.

ಬರಿಗಾಲಲ್ಲಿ ಬೇಡ. ಅಡುಗೆಮನೆ ನೆಲ ಒದ್ದೆ, ಗಂಜಿ ಬಸಿದ ನೀರು, ಕೆಂಡದ ಚೂರು. ಶುಗರ್‌ನಲ್ಲಿ ಪಾದದ ಸ್ಪರ್ಶ ಹೋಗ್ತಾ ಬರುತ್ತೆ, ಸುಟ್ಟದ್ದು ಗೊತ್ತಾಗೋದು ಎರಡು ದಿನ ಬಿಟ್ಟು. ಎಂಸಿಆರ್ ಚಪ್ಪಲಿ ಅಂತ ಮೆತ್ತನೆ ಅಟ್ಟೆಯದ್ದು ಸಿಗುತ್ತೆ, ಹಿಂದೆ ಪಟ್ಟಿ ಇರೋದು ತಗೊಳ್ಳಿ. ಮಡಿ ಅಂತ ಯಾರಾದರೂ ತಕರಾರು ತೆಗೆದ್ರೆ ಅಡುಗೆಮನೆಗೆ ಅಂತಲೇ ಬೇರೆ ಜೋಡಿ ಇಡಿ. ರಾತ್ರಿ ಮಲಗೋ ಮುಂಚೆ ಅಂಗಾಲಿಗೆ ಕನ್ನಡಿ ಹಿಡಿದು ನೋಡೋದು ನನ್ನ ಅಭ್ಯಾಸ, ಮನೆಯವಳು ನಗ್ತಾಳೆ.

—

ಸೌಟು ಹಿಡಿದವ

ಇಬ್ಬರಿಗೂ ಕೈ ಮುಗಿದೆ. ಮೇಷ್ಟ್ರೇ, ಮೊದಲೇ ಉಂಡುಬಿಡಿ ಅಂದ್ರಿ. ನೈವೇದ್ಯ ಆಗದೆ ಅನ್ನ ಮುಟ್ಟೋ ಹಾಗಿಲ್ಲ, ಬಡಿಸದೆ ಅಡುಗೆಯವ ಉಂಡ ಅಂದ್ರೆ ಮುಂದಿನ ಮದುವೆ ಬೇರೆಯವರ ಪಾಲು. ಅದು ಆಗದ ಮಾತು. ಆದ್ರೆ ತಿಂಡಿಗೆ ಆ ಕಟ್ಟು ಇಲ್ಲ, ಮನೆಯಿಂದ ತಂದದ್ದಕ್ಕಂತೂ ಇಲ್ಲವೇ ಇಲ್ಲ. ಈಗ ಹಿಂದಿನ ದಿನವೇ ಹೆಸರುಕಾಳು ಮೊಳಕೆಗೆ ಹಾಕಿ ಉಸ್ಲಿ ಮಾಡಿ ಡಬ್ಬಿಯಲ್ಲಿ ತರ್ತೇನೆ, ಜೊತೆಗೆ ಮೊಸರವಲಕ್ಕಿ. 7:30ಕ್ಕೆ ಸ್ಟೂಲು ಎಳೆದು ಕೂತು ತಿನ್ನೋದು. ಹುಡುಗರಿಗೆ ಅದೇ ಒಂದು ತಮಾಷೆ, ಭಟ್ರು ಡಬ್ಬಿ ತಂದಿದಾರೆ ಅಂತ.

ಸಿಸ್ಟರ್, ಮೀಟರ್ ತಂದ ಮೇಲೆ ಮೊದಲ ಮದುವೆಯಲ್ಲಿ ಬೇಕಂತಲೇ ಏನೂ ಬದಲಾಯಿಸದೆ ನೋಡೋಣ ಅಂತಿದ್ದೆ, 11 ಗಂಟೆಗೆ ನಡುಕ ಬಂತು. ಕೈ ತೊಳೆದು ಚುಚ್ಚಿದ್ರೆ 61. ಮೈ ಜುಮ್ ಅಂತು. ಸಕ್ಕರೆ ನೀರು ಕುಡಿದು ಕೂತೆ, 94ಕ್ಕೆ ಬಂತು. ಅಕ್ಕಿ ತೊಳೀತಿದ್ದ ಹುಡುಗ ಎಲ್ಲಾ ನೋಡ್ತಿದ್ದ, "ಹಾಗಾದ್ರೆ ನಿಮ್ಮ ಬೈಗುಳ ಶುಗರ್‌ದಾ?" ಅಂದ. ಮಾರನೇ ದಿನವೇ ಡಾಕ್ಟರಿಗೆ ಹೇಳಿದೆ. ಬೆಳಗಿನ ಗ್ಲಿಮಿಪಿರೈಡ್ ತೆಗೆಸಿ, ಮೆಟ್‌ಫಾರ್ಮಿನ್ ಮಾತ್ರ ಇಟ್ಟು, ರಾತ್ರಿಗೆ ಬೇರೆ ಮಾತ್ರೆ ಬರೆದ್ರು. ಅಡುಗೆ ಕೆಲಸ ಅಂತ ಮೊದಲೇ ಯಾಕೆ ಹೇಳಲಿಲ್ಲ ಅಂದ್ರು. ಕೇಳಿದ್ರೆ ತಾನೇ.

ಊಟದ್ದೂ ನೋಡಿದೆ. ಮೊದಲಿನ ಕ್ರಮದಲ್ಲಿ ಉಂಡು ಮಲಗಿ ಎರಡು ಗಂಟೆ ಬಿಟ್ಟು ನೋಡಿದ್ರೆ 252. ಇನ್ನೊಂದು ಕಡೆ ಹೆಚ್ಚುಕಡಿಮೆ ಅದೇ ಅಡುಗೆ. ಕೋಸಂಬರಿ, ಬೀನ್ಸ್ ಪಲ್ಯ ಮೊದಲು ಮುಗಿಸಿ, ಅನ್ನ ಒಂದೇ ಸಲ, ಹೋಳಿಗೆ ಅರ್ಧ. ಪಂಕ್ತಿ ಮುಗಿದಿತ್ತು, ಬಡಿಸೋಕೆ ಯಾರೂ ಇಲ್ಲ. ಹುಡುಗರ ಜೊತೆ ಪಾತ್ರೆ ಲಾರಿಗೆ ಹೊತ್ತೆ, ಮಂಟಪದ ಮೆಟ್ಟಿಲು ಹತ್ತಿ ಇಳಿದೆ. 184 ಬಂತು. ಮಾತ್ರೆಯೂ ಬೇರೆ ಆಗಿತ್ತು, ಹಾಗಾಗಿ ಯಾವುದರಿಂದ ಎಷ್ಟು ಅಂತ ನಾನು ಹೇಳಲಾರೆ.

ರುಚಿ ನೋಡೋ ವಿಷಯ ನಾನೇ ಯೋಚಿಸಿದೆ. ಸಿಹಿಯಲ್ಲಿ ಬಾಯಿಗೆ ಹಾಕಿ ನೋಡಬೇಕಾದ್ದು ನಿಜಕ್ಕೂ ಕಡಿಮೆ. ಪಾಕ ಬಂತಾ ಇಲ್ವಾ ಅಂತ ಹೇಳೋದು ಬೆರಳು. ಹೆಬ್ಬೆರಳು ತೋರುಬೆರಳ ನಡುವೆ ಒಂದೆಳೆ ಎದ್ದಿತಾ, ಎರಡೆಳೆಯಾ. ಹೂರಣ ಬಂದಿದ್ದು ಸೌಟಿನ ಭಾರದಲ್ಲೇ ಗೊತ್ತಾಗುತ್ತೆ, ಬಾಣಲೆ ಬದಿ ಬಿಡೋ ಸದ್ದಲ್ಲಿ. ಬಾಯಿ ಬೇಕಾಗಿರೋದು ಉಪ್ಪು, ಹುಳಿ, ಖಾರಕ್ಕೆ. ಅಲ್ಲಿ ತೊಟ್ಟು ಸಾಕು, ಅಂಗೈ ತುಂಬ ಬೇಡ. ಪಾಯಸಕ್ಕೆ ತಮ್ಮನ ನಾಲಿಗೆ ಇದೆ ಅಂತಿದ್ದೆ, ಈಗ ಅವನದ್ದೂ 6.1. ಅಕ್ಕಿ ತೊಳೆಯೋ ಹುಡುಗನಿಗೆ ಬಡ್ತಿ ಸಿಕ್ತು.

ಹಿತ್ತಲಗಿಡ ಅವರ ಹಾಗಲಕಾಯಿಯನ್ನೂ ಬಿಟ್ಟಿಲ್ಲ. ಆದ್ರೆ ನಮ್ಮ ಕಡೆ ಹಾಗಲಕಾಯಿ ಗೊಜ್ಜಿಗೆ ನಿಂಬೆ ಗಾತ್ರದ ಬೆಲ್ಲ ಬೀಳದೆ ಅದು ಗೊಜ್ಜೇ ಅಲ್ಲ. ಅದನ್ನ ತಿಂದು ಶುಗರ್ ಇಳಿಯುತ್ತೆ ಅಂತ ಕಾದು ಕೂತ ಹಿರಿಯರು ನಮ್ಮ ಮನೆಯಲ್ಲೇ ಇದ್ರು. ಈಗ ಬರೀ ಹುರಿದ ಪಲ್ಯ.

ಎರಡು ಉಳೀತು. ಆಷಾಢ ಬಂದ್ರೆ ನಮಗೆ ಕೆಲಸ ಇಲ್ಲ, ಮನೇಲೇ ಕೂರೋದು. ಹೊರಗೆ ಸಾಗರದ ಮಳೆ, ನಡೆಯೋದೆಲ್ಲಿ? ಇನ್ನೊಂದು, ತಮ್ಮನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಮೂರನೇದೂ ಕೇಳಿಬಿಡ್ತೇನೆ, ನಾನು ಕೆಲಸ ಮಾಡ್ತಾ ಎಲೆ ಅಡಿಕೆ ಹಾಕ್ತೇನೆ. ತಂಬಾಕು ಇಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

—

ನಿವೃತ್ತ ಪಿ.ಟಿ. ಮೇಷ್ಟ್ರು

ಆಷಾಢಕ್ಕೆ ನಿಮ್ಮ ಜಗಲಿ ಎಷ್ಟು ಉದ್ದ? ಮಲೆನಾಡ ಮನೆ ಅಂದ್ರೆ ಈ ತುದಿಯಿಂದ ಆ ತುದಿಗೆ ಸುಲಭಕ್ಕೆ ಇಪ್ಪತ್ತು ಹೆಜ್ಜೆ ಇರುತ್ತೆ. ಊಟ ಆದ ಕೂಡಲೇ ಹೋಗಿ ಬಂದು ಹೋಗಿ ಬಂದು 15 ನಿಮಿಷ. ಉಳಿದದ್ದು ಮನೆ ಒಳಗೇ. ಮರದ ಕುರ್ಚಿಯಲ್ಲಿ ಕೂತು, ಕೈ ಊರದೆ ಎದ್ದು ನಿಂತು, ನಿಧಾನಕ್ಕೆ ಮತ್ತೆ ಕೂರೋದು. ಹತ್ತು ಸಲ, ಸ್ವಲ್ಪ ಸುಧಾರಿಸಿ ಇನ್ನೊಂದು ಹತ್ತು. ಗೋಡೆಗೆ ಅಂಗೈ ಕೊಟ್ಟು ದಂಡ. ಏಳುವಾಗ ಉಸಿರು ಬಿಡಿ, ಕಟ್ಟಬೇಡಿ, ಬಿಪಿ ಇರೋರು ಉಸಿರು ಕಟ್ಟಿ ಬಲ ಹಾಕಬಾರದು. ಕೊಪ್ಪರಿಗೆ ಇಳಿಸುವಾಗಲೂ ಅಷ್ಟೇ. ಮತ್ತೆ ಶುರು ಮಾಡೋ ಮುಂಚೆ ಕಣ್ಣಿನ ಪರದೆ ಒಮ್ಮೆ ತೋರಿಸಿ, ಒಳಗೆ ರಕ್ತನಾಳ ಸಡಿಲ ಆಗಿದ್ರೆ ಭಾರ ಎತ್ತೋದು ಬೇಡ ಅಂತಾರೆ.

ಶ್ರಾವಣದಲ್ಲಿ ಮೊಮ್ಮಗಳ ನಾಮಕರಣ ಇದೆ, ಇನ್ನೂರು ಎಲೆ. ಹಾಸನದವರೆಗೆ ಬರ್ತೀರಾ?

—

ಬಿಪಿ-ಶುಗರ್ ಕೋಣೆ

61 ಓದಿ ನನ್ನ ಎದೆಯೂ ಡವ ಅಂತು. ಡಾಕ್ಟರಿಗೆ ಹೇಳಿದ್ದು ಒಳ್ಳೆಯದಾಯ್ತು. ಇನ್ನು ಎಚ್‌ಬಿಎ1ಸಿ ಮೂರು ತಿಂಗಳು ಬಿಟ್ಟು ನೋಡಿ, ಅದು ಹಿಂದಿನ ಮೂರು ತಿಂಗಳ ಸರಾಸರಿ ಕಥೆ ಹೇಳೋದು, ವಾರಕ್ಕೊಮ್ಮೆ ಮಾಡಿಸಿ ದುಡ್ಡು ಹಾಳು ಮಾಡಬೇಡಿ. ಮೇಷ್ಟ್ರು ಹೇಳಿದ ಕಣ್ಣಿನ ಜೊತೆ, ಕಿಡ್ನಿ ಹೇಗಿದೆ ಅಂತ ನೋಡೋಕೆ ಮೂತ್ರದಲ್ಲಿ ಅಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ವರ್ಷಕ್ಕೊಮ್ಮೆ. ಅಂಗಡಿಯಲ್ಲಿ ಕಡಿಮೆ ಸೋಡಿಯಂ ಉಪ್ಪು ಅಂತ ಸಿಗುತ್ತಲ್ಲ, ಅದರಲ್ಲಿ ಪೊಟ್ಯಾಸಿಯಂ ಇರುತ್ತೆ. ಕಿಡ್ನಿ ರಿಪೋರ್ಟ್ ಬರೋವರೆಗೆ ಅದನ್ನ ಮುಟ್ಟಬೇಡಿ.

ಅಡಿಕೆ ವಿಷಯ ನಿಮ್ಮೂರಲ್ಲಿ ಹೇಳಿದ್ರೆ ನನ್ನನ್ನ ಊರಿಂದ ಓಡಿಸ್ತಾರೆ. ಆದ್ರೂ ಹೇಳ್ತೇನೆ. ತಂಬಾಕು ಇಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೀರಿ, ಮಾರಿ, ಬಾಯಿಗೆ ಹಾಕೋದು ಬಿಡಿ. ಬಾಯಲ್ಲಿ ಬಿಳಿ ಮಚ್ಚೆ, ಬಾಯಿ ಪೂರ್ತಿ ತೆರೆಯೋಕೆ ಕಷ್ಟ ಏನಾದ್ರೂ ಇದ್ರೆ ಬಂದಾಗ ತೋರಿಸಿ, ನಾವು ಅದನ್ನೂ ನೋಡ್ತೇವೆ.

ತಮ್ಮ. ತೆಳ್ಳಗಿದ್ದಾನೆ ಅಂದ್ರಿ, ಸೊಂಟಕ್ಕೆ ಟೇಪ್ ಹಾಕಿದ್ದೀರಾ? ನಮ್ಮವರಲ್ಲಿ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ, ಸ್ನಾಯು ಕಡಿಮೆ ಕೊಬ್ಬು ಜಾಸ್ತಿ ಅನ್ನೋ ಮೈಕಟ್ಟು ಬಹಳ. ಅದಕ್ಕೇ ಭಾರತೀಯ ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸರಿಗೆ 80 ಅಂತ ಗೆರೆ ಹಾಕಿರೋದು. ನಿಮ್ಮ 38 ಇಂಚೂ 96 ದಾಟಿತು ನೋಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ಪುಸ್ತಕಗಳಿದ್ವು. ಸಂಶೋಧಕರು ಆ ಮಕ್ಕಳನ್ನ ನಡುವಯಸ್ಸಿನಲ್ಲಿ ಹುಡುಕಿ ತೆಗೆದು ಶುಗರ್ ನೋಡಿದ್ರು, ಹುಟ್ಟಿದಾಗಿನ ಅಳತೆಗೂ ಇದಕ್ಕೂ ನಂಟು ಸಿಕ್ಕಿತು. ಅಂದ್ರೆ ಪೂರ್ತಿ ತಮ್ಮನ ತಪ್ಪು ಅಂತ ಬೈಯೋಕೆ ಹೋಗಬೇಡಿ, ನಿಮ್ಮ ಅಪ್ಪನಿಗೂ ಇತ್ತಲ್ಲ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ ಪ್ರಕಾರ ದೇಶದಲ್ಲಿ ಶುಗರ್ ಇರೋರು 10 ಕೋಟಿ, ಅವನ ಹಾಗೆ ಹೊಸ್ತಿಲಲ್ಲಿ ನಿಂತವರು 13 ಕೋಟಿಗೂ ಹೆಚ್ಚು.

5.7ರಿಂದ 6.4 ಹೊಸ್ತಿಲು, 6.5 ಆದ್ರೆ ಒಳಗೆ. 6.1ರಲ್ಲಿ ಮಾಡೋ ಕೆಲಸ ನಿಮ್ಮ 8.4ಕ್ಕಿಂತ ಸುಲಭ. ಚೆನ್ನೈಯಲ್ಲಿ ಡಾ. ರಾಮಚಂದ್ರನ್ ಅವರ ತಂಡ 531 ಜನರನ್ನ ಇಟ್ಟುಕೊಂಡು ನೋಡಿತ್ತು, 2006ರಲ್ಲಿ ಪ್ರಕಟ ಆಯ್ತು. ಬರೀ ಊಟ, ನಡಿಗೆ ಸರಿ ಮಾಡಿದವರಲ್ಲಿ ಶುಗರ್ ಆಗೋ ಸಾಧ್ಯತೆ 28.5% ಇಳಿಯಿತು, ಮೆಟ್‌ಫಾರ್ಮಿನ್ ಕೊಟ್ಟವರಲ್ಲಿ 26.4%. ಎರಡೂ ಸೇರಿಸಿ ಕೊಟ್ಟದ್ದಕ್ಕೆ ಹೆಚ್ಚೇನೂ ಸಿಗಲಿಲ್ಲ. ಇದರಲ್ಲಿ ನನಗೆ ಇಷ್ಟ ಆದದ್ದು ಏನಂದ್ರೆ, ಅವರ ತೂಕ ಹೇಳಿಕೊಳ್ಳೋ ಹಾಗೆ ಇಳಿದಿರಲಿಲ್ಲ, ಆದ್ರೂ ಲಾಭ ಆಯ್ತು. ಹಾಗಾಗಿ ತೆಳ್ಳಗಿರೋ ತಮ್ಮನಿಗೆ ಉಪವಾಸ ಹಾಕಿಸಬೇಡಿ. ಸಕ್ಕರೆ ಕಾಫಿ ಬಿಡಲಿ, ಅನ್ನ ಒಂದು ಸಲಕ್ಕೆ ನಿಲ್ಲಲಿ, ಕಾಳು ಮೊಸರು ಹೆಚ್ಚಾಗಲಿ, ಮೇಷ್ಟ್ರ ಕುರ್ಚಿ ಆಟ ಅವನೂ ಆಡಲಿ. ವರ್ಷಕ್ಕೊಮ್ಮೆ ಪರೀಕ್ಷೆ.

ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೂ ಎನ್‌ಸಿಡಿ ಕೋಣೆ ಇದೆ, 30 ದಾಟಿದ ಯಾರಿಗೇ ಆಗಲಿ ಬಿಪಿ ಶುಗರ್ ನೋಡ್ತಾರೆ. ಕೆಲಸ ಇಲ್ಲದ ಆಷಾಢದಲ್ಲಿ ಅಡುಗೆ ಹುಡುಗರನ್ನೆಲ್ಲ ಒಂದೇ ಸಲ ಕರ್ಕೊಂಡು ಹೋಗಿ. ಅಕ್ಕಿ ತೊಳೆಯೋ ಹುಡುಗನಿಗೆ 30 ಆಗಿಲ್ಲದಿದ್ರೂ ಕರ್ಕೊಂಡು ಹೋಗಿ, ಪಾಯಸ ನೋಡೋ ಕೆಲಸ ಕೊಟ್ಟಿದ್ದೀರಲ್ಲ.

—

ಸೌಟು ಹಿಡಿದವ

ಟೇಪ್ ಹಾಕಿದೆ. ತಮ್ಮನ ಸೊಂಟ 91. ನಂಬಲಿಲ್ಲ, ಇನ್ನೊಮ್ಮೆ ಅವನೇ ಹಾಕ್ಕೊಂಡು ನೋಡಿದ, ಉಸಿರು ಎಳೆದು 89 ಮಾಡಿದ.

ಮೇಷ್ಟ್ರೇ, ಹಾಸನಕ್ಕೆ ಬರ್ತೇನೆ. ರೇಟು ಮೆಸೇಜಲ್ಲಿ ಕಳಿಸ್ತೇನೆ. ಕೋಸಂಬರಿ ಎರಡು ಬಗೆ, ಮೊಳಕೆ ಹುರುಳಿ ಪಲ್ಯ ಹಾಕೋಣ. ಸಿಹಿ ಏನು ಬೇಕು ಅಂತ ಮನೆಯವರನ್ನ ಕೇಳಿ ಹೇಳಿ.